ದೊರೆಯ ಐದನೆಯ ಬೆರಳು

ಹುಳು ಮೂಗಿನ ಮುಂದೆಯೇ ತೂಗಾಡುತ್ತಿದ್ದರೂ ದೊರೆ ಬಾಯಿ ತೆರೆಯಲಿಲ್ಲ.

"ನೋಡಿ ಮೇಡಂ, ಇವತ್ತೂ ಇದೇ ಕಥೆ," ಎಂದರು ರೇಡಿಯೋದವರು. ಅವರ ಕೈಯ ಚಿಮಟದ ತುದಿಯಲ್ಲಿ ಎರೆಹುಳು ನೀರೊಳಗೆ ಒಮ್ಮೆ ಉದ್ದವಾಗಿ ಮತ್ತೆ ಸುತ್ತಿಕೊಂಡಿತು. "ಮೊನ್ನೆವರೆಗೂ ಚೆನ್ನಾಗೇ ತಿಂತಿದ್ದ. ಈಗ ಅವಳ ನೆನಪು ಶುರುವಾಗಿದೆ ಅಂತ ಕಾಣುತ್ತೆ. ಮೂಕಪ್ರಾಣಿ, ಹೇಳ್ಕೊಳ್ಳೋದಾದ್ರೂ ಯಾರ ಹತ್ರ?"

ಜೀವಮಾನವೆಲ್ಲ ರೇಡಿಯೋದಲ್ಲಿ ಮಾತಾಡಿದ ಗಂಟಲು ಅದು. ದುಃಖದ ಮಾತನ್ನೂ ಅವರು ಜೋಗುಳದ ಹದದಲ್ಲಿ ಹೇಳುತ್ತಿದ್ದರು. ನನಗೆ ಮೊದಲೇ ಮಧ್ಯಾಹ್ನದ ನಿದ್ದೆಯ ಚಟ. ಆ ತಂಪು ಕೋಣೆ, ಆ ಅರೆಗತ್ತಲೆ, ಆ ದನಿ ಮೂರೂ ಸೇರಿ ನನ್ನ ರೆಪ್ಪೆಗಳನ್ನು ಕೆಳಗೆ ಎಳೆಯುತ್ತಿದ್ದವು.

"ಪರದೆರಾಯ, ಎದ್ದಿದ್ದೀಯ ತಾನೆ?" ಎಂದರು ಅತ್ತಿಗೆ, ತಿರುಗಿಯೂ ನೋಡದೆ.

ಎದ್ದಿದ್ದೇನೆ ಎಂದೆ. ನನ್ನದು ಪರದೆ ಮಾರುವ ಅಂಗಡಿ, ಅದಕ್ಕೇ ಆ ಬಿರುದು. ಅತ್ತಿಗೆ ಎಂದರೆ ನಮ್ಮಣ್ಣನ ಹೆಂಡತಿ. ಮೊದಲು ವಿಮಾ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿಯುತ್ತಿದ್ದರು, ಈಗ ಪತ್ತೇದಾರಿಕೆಯಲ್ಲಿ ಸ್ವಂತವಾಗಿ ಹಿಡಿಯುತ್ತಾರೆ. ಅವರಿಗೆ ಕಾರು ಓಡಿಸಲು ಬರುವುದಿಲ್ಲ, ನನಗೆ ಇಲ್ಲ ಎನ್ನಲು ಬರುವುದಿಲ್ಲ. ಹಾಗಾಗಿ ಎಲ್ಲಿಗೆ ಹೋದರೂ ಇಬ್ಬರೂ ಜೊತೆ.

ಹಲ್ಲಿನ ಸೆಟ್ಟು ತಯಾರಿಸುವ ಹಲ್ಲಕ್ಕ, ಅಂದರೆ ಈ ರೇಡಿಯೋದವರ ಹೆಂಡತಿ, ಕಾಣೆಯಾಗಿ ವಾರ ಕಳೆದಿತ್ತು. ಬೀರುವಿನಲ್ಲಿ ಬಟ್ಟೆಯಿಲ್ಲ, ಅಟ್ಟದ ಮೇಲೆ ಚೀಲವಿಲ್ಲ. ತಿಳಿವಳಿಕೆಯಿರುವ ಹೆಂಗಸು ತಾನಾಗಿ ಹೋದರೆ ನಾವೇನು ಮಾಡೋಣ ಎಂದು ಠಾಣೆಯವರು ಕೈ ತೊಳೆದುಕೊಂಡಿದ್ದರು. "ಹುಡುಕೋಕೆ ಒಂದು ಕಾರಣ ತನ್ನಿ, ಹುಡುಕ್ತೀನಿ. ಇಲ್ಲಾಂದ್ರೆ ಇವತ್ತು ಸಂಜೆ ಫೈಲ್ ಮುಚ್ತೀನಿ," ಎಂದಿದ್ದರು ಇನ್ಸ್‌ಪೆಕ್ಟರು. ಆ ಒಂದು ಕಾರಣಕ್ಕಾಗಿ ಹಲ್ಲಕ್ಕನ ತಂಗಿ ನಮ್ಮನ್ನು ಈ ಮನೆಗೆ ಕರೆತಂದಿದ್ದಳು. ಆಸ್ಪತ್ರೆಯಲ್ಲಿ ನರ್ಸು ಆಕೆ. ಪಾಳಿ ಮುಗಿಸಿ ನಿದ್ದೆ ಮಾಡದೆ ಬಂದಿದ್ದಳು, ಕಣ್ಣು ಕೆಂಪಗಿದ್ದವು.

ನಾವು ನಿಂತಿದ್ದುದು ಹಲ್ಲಕ್ಕ ಕೆಲಸ ಮಾಡುವ ಹಿಂದಿನ ಕೋಣೆಯಲ್ಲಿ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಪ್ಲಾಸ್ಟರಿನ ದವಡೆಗಳು, ಯಾರಿಗಾಗಿ ನಗುತ್ತಿವೆಯೋ ತಿಳಿಯದಂತೆ ನಗುತ್ತ ಕೂತಿದ್ದವು. ಕಿಟಕಿಗೆ ಎರಡು ಪದರದ ದಪ್ಪ ಪರದೆ. ಬಟ್ಟೆ ಒಳ್ಳೆಯದು, ಹೊಲಿಗೆ ಸಾಧಾರಣ. ಅದರಡಿಯಲ್ಲಿ ಮೇಜಿನ ಮೇಲೆ ಗಾಜಿನ ತೊಟ್ಟಿ. ತೊಟ್ಟಿಯ ಅಂಚಿಗೆ ಸಿಕ್ಕಿಸಿದ ಪುಟ್ಟ ಫ್ಯಾನು ನೀರಿನ ಮೇಲೆ ಗಾಳಿ ಬೀಸುತ್ತ ಅದನ್ನು ತಣ್ಣಗಿಟ್ಟಿತ್ತು.

ಒಳಗೆ ದೊರೆ. ಗೇಣುದ್ದದ ಆಕ್ಸೊಲಾಟಲ್ ಎಂಬ ಹಲ್ಲಿಯಾಕಾರದ ನೀರುಪ್ರಾಣಿ, ಹಾಲಿನ ಬಿಳುಪು, ತಲೆಯ ಎರಡೂ ಪಕ್ಕಕ್ಕೆ ಗುಲಾಬಿ ಬಣ್ಣದ ಕಿವಿರುಗಳು ನಮ್ಮಂಗಡಿಯ ಪರದೆ ಕುಚ್ಚುಗಳಂತೆ ಇಳಿಬಿದ್ದಿದ್ದವು. ನೀರಲ್ಲೇ ಹುಟ್ಟಿ, ಎಷ್ಟು ವಯಸ್ಸಾದರೂ ಮರಿಯ ರೂಪ ಬಿಡದೆ, ನೀರಲ್ಲೇ ಮುದಿಯಾಗುವ ಪ್ರಾಣಿಯಂತೆ ಅದು. ತಳದಲ್ಲಿ ಕೈಯೂರಿ ಕೂತು, ಯಾವುದೋ ಹಳೆಯ ಕನಸನ್ನು ಇನ್ನೂ ಮುಗಿಸದವನ ಮುಖ ಹೊತ್ತಿತ್ತು. ನೋಡುತ್ತ ನೋಡುತ್ತ ನನಗೆ ಅದರ ಮೇಲೆ ಹೊಟ್ಟೆಕಿಚ್ಚಾಯಿತು. ಅಂಗಡಿ ತೆರೆಯುವ ಗೋಜಿಲ್ಲ, ಅತ್ತಿಗೆಯ ಕಾಟವಿಲ್ಲ.

"ಕತ್ತಲೇಲಿ ಏನು ಕಾಣುತ್ತೆ, ಸರಿಯಾಗಿ ನೋಡಿ," ಎಂದು ರೇಡಿಯೋದವರು ಟ್ಯೂಬ್‌ಲೈಟ್ ಹಾಕಿದರು.

ಬಿಳಿ ಬೆಳಕು ಬಿದ್ದದ್ದೇ ತಡ, ಪ್ರಾಣಿ ಬಾಲ ಬಡಿದು, ಮಗುಚಿಟ್ಟ ಮಣ್ಣಿನ ಕುಡಿಕೆಯೊಳಗೆ ನುಗ್ಗಿತು.

"ಲೈಟ್ ಆರ್ಸಿ ಭಾವ," ಎಂದಳು ತಂಗಿ. "ಅದಕ್ಕೆ ಕಣ್ಣು ಮುಚ್ಚೋಕೆ ರೆಪ್ಪೆ ಇಲ್ಲ. ಅಕ್ಕ ಎಷ್ಟು ಸಲ ಹೇಳಿದ್ಲು ನಿಮಗೆ."

ಅವರು ಆರಿಸಿದರು. ತಂಗಿ ಮಂಡಿಯೂರಿ ಗಾಜಿಗೆ ಹಣೆ ತಾಗಿಸಿ ಕೂತಳು. ಕುಡಿಕೆಯ ಬಾಯಿಂದ ಮುಂಗಾಲು ಮಾತ್ರ ಹೊರಗೆ ಚಾಚಿತ್ತು. ಪಾರದರ್ಶಕವೆನ್ನಬಹುದಾದ ಪುಟ್ಟ ಪುಟ್ಟ ಬೆರಳುಗಳು ಗಾಜಿಗೆ ಒತ್ತಿಕೊಂಡಿದ್ದವು.

ಒಂದೊಂದೇ ಬೆರಳು ಎಣಿಸಿದಳು. ಆಮೇಲೆ ಸಣ್ಣ ದನಿಯಲ್ಲಿ, "ಮೇಡಂ, ಇವನು ದೊರೆ ಅಲ್ಲ," ಎಂದಳು.

ನನ್ನ ನಿದ್ದೆ ಹಾರಿತು.

"ಬಲಗಡೆ ಮುಂಗಾಲು ನೋಡಿ. ನಾಲ್ಕೇ ಬೆರಳಿದೆ. ಈ ಜಾತೀಗೆ ಮುಂಗಾಲಲ್ಲಿ ನಾಲ್ಕೇ ಇರೋದು, ಸರಿ. ಆದ್ರೆ ನಮ್ಮ ದೊರೆಗೆ ಐದು. ಮರಿಯಾಗಿದ್ದಾಗ ಇನ್ನೊಂದು ಮರಿ ಅವನ ಕಾಲು ಕಚ್ಚಿ ತಿಂದಿತ್ತು. ಕಾಲು ಮತ್ತೆ ಬೆಳೀತು, ಬೆಳೆಯೋವಾಗ ಒಂದು ಬೆರಳು ಜಾಸ್ತಿ ಬಂತು. ಅಕ್ಕ ಬಂದವರಿಗೆಲ್ಲ ಅದನ್ನೇ ತೋರಿಸೋಳು. 'ನಾನು ಮಾಡಿದ ಹಲ್ಲು ಇವತ್ತಿಗೂ ಒಂದಾದ್ರೂ ಬೇರು ಬಿಟ್ಟಿಲ್ಲ. ಇವನು ನೋಡು, ನಿದ್ದೆ ಮಾಡ್ತಾ ಮಾಡ್ತಾ ಕಾಲು ಬೆಳೆಸ್ಕೊಂಡ, ಮೇಲೊಂದು ಬೆರಳು ಲಾಭ' ಅನ್ನೋಳು."

ಕಣ್ಣೊರೆಸಿಕೊಂಡು ಎದ್ದು ಭಾವನ ಮುಂದೆ ನಿಂತಳು.

"ದೊರೆ ಸತ್ತು ಹೋದ ಅಲ್ವಾ ಭಾವ? ನೀರು ಬಿಸಿಯಾಗಿ ಸತ್ತ. ಅಕ್ಕ ಹೋದಾಗ ಜ್ವರ ಅಂತ ಎರಡು ದಿನ ಮನೇಲೇ ಮಲಗಿದ್ದೆ ಅಂತ ಠಾಣೇಲಿ ಹೇಳಿದ್ರಿ. ಮನೇಲಿದ್ದವರಿಗೆ ಒಂದು ಫ್ಯಾನ್ ಹಾಕೋಕಾಗಲಿಲ್ವಾ? ನೀವು ಮನೇಲಿರಲಿಲ್ಲ. ಅಕ್ಕನ್ನ ಎಲ್ಲಿಗೋ ಕರ್ಕೊಂಡು ಹೋಗಿದ್ರಿ. ಬಂದು ನೋಡಿದ್ರೆ ಇದು ಸತ್ತಿದೆ. ಗೊತ್ತಾಗಬಾರದು ಅಂತ ಇನ್ನೊಂದು ತಂದುಬಿಟ್ರಿ."

ರೇಡಿಯೋದವರು ಚಿಮಟದಿಂದ ಹುಳುವನ್ನು ಬಿಡಿಸಿ ಡಬ್ಬಿಗೆ ಹಾಕಿದರು. ಡಬ್ಬಿಯ ಮುಚ್ಚಳ ಒತ್ತಿದರು. ಕೈ ಒರೆಸಿಕೊಂಡರು.

"ನನಗೆ ಬೆರಳು ಎಣಿಸೋದು ಹೊಳೀಲಿಲ್ಲಮ್ಮ," ಎಂದರು. "ತೊಟ್ಟೀಲಿ ಇದ್ದವರಿಗೆ ಊಟ ಹಾಕಿದೆ. ಅಷ್ಟೇ ನನಗೆ ಗೊತ್ತಿರೋದು."

ಸಿಟ್ಟಿಲ್ಲ, ಗಾಬರಿಯಿಲ್ಲ. ಹವಾಮಾನ ವರದಿ ಓದಿದಂತೆ ಓದಿದರು. ನಾನಾಗಿದ್ದರೆ ಇಷ್ಟು ಹೊತ್ತಿಗೆ ತೊದಲಿ, ಬೆವರಿ, ಮಾಡದ ತಪ್ಪನ್ನೂ ಒಪ್ಪಿಕೊಂಡಿರುತ್ತಿದ್ದೆ.

ತಂಗಿ ಅತ್ತಿಗೆಯ ಕಡೆ ತಿರುಗಿದಳು. "ಕಾರಣ ಸಿಕ್ತಲ್ಲ ಮೇಡಂ. ನಡೀರಿ, ಠಾಣೆಗೆ ಹೋಗೋಣ."

ಅತ್ತಿಗೆಗೆ ಅವಸರವಿರಲಿಲ್ಲ. ಬಗ್ಗಿ, ಕುಡಿಕೆಯಿಂದ ಮೆಲ್ಲಗೆ ಹೊರಬರುತ್ತಿದ್ದ ಪ್ರಾಣಿಯನ್ನೇ ನೋಡುತ್ತಿದ್ದರು. ಕಿವಿರಿನ ಎಳೆಗಳು ನೀರಲ್ಲಿ ಹಗುರವಾಗಿ ಬಿಚ್ಚಿಕೊಂಡು, ಒಂದೊಂದೂ ಬೇರೆಯಾಗಿ ಕಾಣುತ್ತಿತ್ತು.

"ನೀರು ಸ್ವಲ್ಪ ಇಳಿದಿದೆ ಅಲ್ವಾ ಯಜಮಾನ್ರೆ?" ಎಂದರು ಅತ್ತಿಗೆ. "ಫ್ಯಾನ್ ಗಾಳಿಗೆ ಆರುತ್ತೆ ಅಂತ ಕಾಣುತ್ತೆ. ಒಂದು ಮಗ್ ತುಂಬ್ತೀರಾ, ನೀವು ದಿನಾ ಹೇಗೆ ತುಂಬ್ತೀರೋ ಹಾಗೆ?"

ಅವರು ಅಡುಗೆಮನೆಗೆ ಹೋದರು. ನಲ್ಲಿ ತಿರುಗಿದ ಸದ್ದು, ನೀರು ಸುರಿದ ಸದ್ದು ಕೇಳಿತು. ತುಂಬಿದ ಮಗ್ ಹಿಡಿದು ನೇರವಾಗಿ ಬಂದು ತೊಟ್ಟಿಯ ಮೇಲೆ ಬಗ್ಗಿಸಿದರು. ಒಂದು ಹನಿ ಬೀಳುವುದರೊಳಗೆ ತಂಗಿ ಅಡ್ಡ ಬಂದು ಅವರ ಮಣಿಕಟ್ಟು ಹಿಡಿದಿದ್ದಳು.

"ಹಾಗೇ ಸುರೀಬೇಡಿ. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ. ಔಷಧಿ ಹನಿ ಹಾಕದೆ ಬಿಟ್ರೆ ಕಿವಿರು ಸುಟ್ಟು ಹೋಗುತ್ತೆ."

"ಓಹೋ, ಹಾಗಾ," ಎಂದರು ರೇಡಿಯೋದವರು, ನಿಧಾನವಾಗಿ.

ಅತ್ತಿಗೆ ಬ್ಯಾಗು ಹೆಗಲಿಗೇರಿಸಿದರು. "ಸರಿ ಯಜಮಾನ್ರೆ, ಬರ್ತೀವಿ."

ಅವರು ನಮ್ಮನ್ನು ಬಾಗಿಲವರೆಗೂ ಬಿಟ್ಟು, ಹುಷಾರಾಗಿ ಹೋಗಿ ಎಂದು ಹೇಳಿದರು. ಆ ದನಿಯಲ್ಲಿ ಹುಷಾರು ಎಂಬ ಮಾತು ಕೂಡ ಹಿತವಾಗಿತ್ತು.

ಕಾರಿನಲ್ಲಿ ಕೂತು ಕೀಲಿ ತಿರುಗಿಸಲು ಹೋದೆ. ಅತ್ತಿಗೆ ಬೇಡವೆಂದು ಕೈಸನ್ನೆ ಮಾಡಿದರು. ಮಧ್ಯಾಹ್ನದ ಬೀದಿ ಮಂಪರಿನಲ್ಲಿತ್ತು. ಒಗೆದ ಬಟ್ಟೆಗಳು ಮಹಡಿಗಳ ಮೇಲೆ ಅಲ್ಲಾಡದೆ ನೇತಾಡುತ್ತಿದ್ದವು, ಮೂಲೆಯ ಇಸ್ತ್ರಿ ಅಂಗಡಿಯವನು ಪೆಟ್ಟಿಗೆಯ ಪಕ್ಕದಲ್ಲೇ ತಲೆಯಿಟ್ಟು ಮಲಗಿದ್ದ.

ಅತ್ತಿಗೆ ಹಿಂದಿನ ಸೀಟಿನ ಕಡೆ ತಿರುಗಿದರು.

"ಎಲ್ಲಿಂದ ತಂದೆಯಮ್ಮ ಅದನ್ನ?"

ಅಲ್ಲಿಯವರೆಗೆ ಆಕೆಯನ್ನು ನೀವು ಎನ್ನುತ್ತಿದ್ದ ಅತ್ತಿಗೆ ನೀನು ಎಂದದ್ದು ಕೇಳಿಯೇ ನಾನು ಕೀಲಿಯಿಂದ ಕೈ ತೆಗೆದೆ. ಅತ್ತಿಗೆ ಏಕವಚನಕ್ಕೆ ಇಳಿಯುವುದು ಪ್ರೀತಿ ಬಂದಾಗ, ಇಲ್ಲವೇ ಕಳ್ಳತನ ಹಿಡಿದಾಗ.

"ಏನನ್ನ ಮೇಡಂ?"

"ತೊಟ್ಟೀಲಿರೋದನ್ನ."

"ನಾನ್ಯಾಕೆ ತರಲಿ? ಅದು ಭಾವ..."

"ನಿನ್ನ ಭಾವ ತಂದಿದ್ರೆ ನಲ್ಲಿ ನೀರಿಗೆ ಬಿಟ್ಟಿರೋರು. ಈಗ ತಾನೇ ಸುರಿಯೋರಿದ್ರು, ನೋಡಿದ್ಯಲ್ಲ. ಇಷ್ಟು ಹೊತ್ತಿಗೆ ಆ ಕಿವಿರು ಸವೆದ ಬ್ರಷ್ ಥರ ಆಗಿರೋದು. ಅದರಲ್ಲಿ ಒಂದು ಎಳೆ ಕೂಡ ಬಾಡಿಲ್ಲ. ಹೊಸ ಜಾಗಕ್ಕೆ ಬಂದ ಪ್ರಾಣಿ ಕೆಲವು ದಿನ ಊಟ ಮುಟ್ಟಲ್ಲ ಅಂತ ನೀನೇ ನನಗೆ ಹೇಳಿದ್ದೆ. ಇದು ಮೊನ್ನೆಯಿಂದ ತಿಂತಿಲ್ಲ. ಅಂದ್ರೆ ಮೊನ್ನೆ ಬಂದಿದೆ, ತಂದವರು ಕೂಸನ್ನ ತೊಟ್ಟಿಲಿಗೆ ಹಾಕೋ ಹಾಗೆ ತಂದು ಹಾಕಿದಾರೆ. ಅಷ್ಟು ನಾಜೂಕು ಗೊತ್ತಿರೋರು ಆ ಮನೆ ಕಡೆ ಇಬ್ಬರೇ. ಒಬ್ಬರು ಕಾಣೆಯಾಗಿದ್ದಾರೆ."

ತಂಗಿ ಕಿಟಕಿಯ ಹೊರಗೆ ನೋಡಿದಳು. ಆಮೇಲೆ ಮುಖ ಮುಚ್ಚಿಕೊಂಡಳು.

"ಠಾಣೆಯವರು ಕಾರಣ ಕೇಳಿದ್ರು," ಎಂದಳು ಕೊನೆಗೆ. "ಎಲ್ಲಿಂದ ತರಲಿ? ನಮ್ಮಕ್ಕ ಹೇಳದೆ ಕೇಳದೆ ಹೋಗೋಳಲ್ಲ ಅಂದ್ರೆ ಅದು ಕಾರಣ ಅಲ್ವಂತೆ. ಅದಕ್ಕೆ ನಾನೇ ಒಂದು ಮಾಡಿದೆ. ತಾವಿಬ್ರೂ ಊರಿಗೆ ಹೋದಾಗ ದೊರೆಗೆ ಊಟ ಹಾಕೋಕೆ ಅಂತ ಅಕ್ಕ ನನಗೊಂದು ಕೀ ಕೊಟ್ಟಿದ್ಲು. ಮೊನ್ನೆ ಭಾವ ಹೊರಗೆ ಹೋದಾಗ ಹಿಂಬಾಗಿಲಿಂದ ಹೋದೆ. ಪ್ರಾಣಿ ಬದಲಾಗಿದೆ ಅಂತ ಎಲ್ಲರ ಮುಂದೆ ತೋರಿಸಿದ್ರೆ ಅವರ ಜ್ವರದ ಕಥೆ ಬಿದ್ದುಹೋಗುತ್ತೆ, ಆಗಲಾದ್ರೂ ಹುಡುಕ್ತಾರೆ ಅಂದ್ಕೊಂಡೆ."

"ಸುಳ್ಳು ಸಾಕ್ಷಿ ಅಂತಾರೆ ಇದಕ್ಕೆ. ನನ್ನನ್ನೂ ಅದರೊಳಗೆ ಸಿಕ್ಕಿಸಿದ್ದೀಯ."

"ಗೊತ್ತು ಮೇಡಂ. ನನಗೆ ಅಕ್ಕ ಬೇಕು. ಬೇರೆ ಏನೂ ತೋಚಲಿಲ್ಲ."

ಬೈಯಬೇಕೆಂದು ಬಾಯಿ ತೆರೆದ ಅತ್ತಿಗೆ ಬೈಯಲಿಲ್ಲ. ಒಂದು ಗುಟುಕು ನೀರು ಕುಡಿದು, ಬಾಟಲಿಯನ್ನು ಆಕೆಯ ಕೈಗೆ ಕೊಟ್ಟರು.

"ಹೋಗಲಿ ಬಿಡು. ದೊರೆ ಈಗ ನಿಮ್ಮನೇಲಿದ್ದಾನಾ?"

ತಂಗಿ ಇಲ್ಲವೆಂದು ತಲೆಯಾಡಿಸಿದಳು. "ಅದೇ ಮೇಡಂ ನನ್ನನ್ನ ತಿಂತಿರೋದು. ದೊರೆನ ಎತ್ಕೊಂಡು ಬರೋಣ ಅಂತಾನೇ ಐಸ್ ಬಾಟ್ಲಿ, ಡಬ್ಬ ಎಲ್ಲ ತಗೊಂಡು ಹೋಗಿದ್ದೆ. ತೊಟ್ಟಿ ಖಾಲಿ ಇತ್ತು. ನೀರಿತ್ತು, ಫ್ಯಾನ್ ಆಫ್ ಆಗಿತ್ತು. ಕುಡಿಕೆ ಎತ್ತಿ ನೋಡಿದೆ, ಮೇಜಿನ ಕೆಳಗೆಲ್ಲ ನೋಡಿದೆ. ಇರಲಿಲ್ಲ."

ಅತ್ತಿಗೆ ಪೂರ್ತಿ ಹಿಂದಕ್ಕೆ ತಿರುಗಿ ಕೂತರು.

"ಆಗಲೇ ಯಾಕೆ ಹೇಳಲಿಲ್ಲ?"

"ಖಾಲಿ ತೊಟ್ಟಿ ತೋರಿಸಿದ್ರೆ, 'ನೋಡಿ, ಪ್ರಾಣಿನೂ ತಗೊಂಡೇ ಹೋಗಿದ್ದಾಳೆ, ಇಷ್ಟಪಟ್ಟೇ ಹೋಗಿದ್ದಾಳೆ' ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಡ್ತಾರೆ. ಅದಕ್ಕೇ ತಂದಿದ್ದನ್ನ ಬಿಟ್ಟು ಬಂದೆ."

"ತಾಳು. ನೀನು ದಿನಾ ಭಾವನಿಗೆ ಫೋನ್ ಮಾಡಿ ದೊರೆ ಹೇಗಿದ್ದಾನೆ ಅಂತ ಕೇಳ್ತಿದ್ದೆ ಅಲ್ವಾ?"

"ಹೂಂ. ಚೆನ್ನಾಗಿದ್ದಾನೆ, ಊಟ ಮಾಡಿದ ಅನ್ನೋರು. ನಾನು ಹೋದ ದಿನ ಬೆಳಗ್ಗೆ ಕೂಡ..." ಆಕೆ ಮಾತು ಅಲ್ಲೇ ನಿಲ್ಲಿಸಿದಳು. ತಾನೇ ಹೇಳಿದ ಮಾತು ಈಗ ತಾನೇ ಕೇಳಿಸಿಕೊಂಡವಳಂತೆ ಅತ್ತಿಗೆಯ ಮುಖ ನೋಡಿದಳು.

ಅತ್ತಿಗೆ ಮೆಲ್ಲಗೆ ಮಾತಾಡತೊಡಗಿದರು. "ಇಲ್ಲದ ಪ್ರಾಣಿಗೆ ದಿನಾ ಊಟ ಹಾಕಿದೀನಿ ಅಂದ್ರು. ಆಮೇಲೊಂದು ದಿನ ಮನೆಗೆ ಬರ್ತಾರೆ, ಖಾಲಿ ತೊಟ್ಟೀಲಿ ಪ್ರಾಣಿ ಕೂತಿದೆ, ಫ್ಯಾನ್ ತಿರುಗ್ತಿದೆ. ನೀನಾದ್ರೆ ಏನು ಮಾಡ್ತೀಯ ಪರದೆರಾಯ?"

"ಕಿರುಚಿಕೊಂಡು ಬೀದಿಗೆ ಓಡ್ತೀನಿ," ಎಂದೆ. ನಿಜವನ್ನೇ ಹೇಳಿದೆ.

"ಇವರು ಅಂಗಡಿಗೆ ಹೋಗಿ ಹುಳು ತಂದ್ರು. ಬೀಗ ತೆಗೆದು ಯಾರು ಬಂದ್ರು ಅಂತ ಯಾರನ್ನೂ ಕೇಳಲಿಲ್ಲ. ಈಗ ನೀನು ಇದು ದೊರೆ ಅಲ್ಲ ಅಂದಾಗಲೂ, ಹಾಗಾದ್ರೆ ದೊರೆ ಎಲ್ಲಿ ಅಂತ ಒಂದು ಮಾತು ಬರಲಿಲ್ಲ ಅವರ ಬಾಯಿಂದ."

ಬಿಸಿಲಿಗೆ ಕಾದ ಕಾರಿನಲ್ಲಿ ಕೂತಿದ್ದರೂ ನನಗೆ ಚಳಿ ಹತ್ತಿತು. ಆ ಕೋಣೆಯಲ್ಲಿ ಎಷ್ಟು ನೆಮ್ಮದಿಯಾಗಿ ತೂಕಡಿಸಿದ್ದೆ ಎಂದು ನೆನೆದು ನಾಚಿಕೆಯೂ ಆಯಿತು.

"ಮನೇಲಿ ಇನ್ನೇನು ಕಾಣಲಿಲ್ಲ ನಿನಗೆ?" ಎಂದು ಕೇಳಿದರು ಅತ್ತಿಗೆ.

"ಫ್ರಿಡ್ಜಲ್ಲಿ ಅಕ್ಕನ ಹುಳುವಿನ ಡಬ್ಬಿ ಇರಲಿಲ್ಲ. ನೀರಿಗೆ ಹಾಕೋ ಹನಿ ಔಷಧಿನೂ ಇರಲಿಲ್ಲ, ನಾನು ನನ್ನ ಹತ್ರ ಇದ್ದದ್ದನ್ನೇ ಹಾಕಿದೆ."

ಅತ್ತಿಗೆಯ ಮುಖ ಅರಳಿದ್ದನ್ನು ನಾನು ಪಕ್ಕದಿಂದ ನೋಡಿದೆ.

"ಹಾಗಾದ್ರೆ ಕೇಳಮ್ಮ. ಸಾಯೋಕೆ ಹೊರಟವರು ಹುಳುವಿನ ಡಬ್ಬಿ ತಗೊಂಡು ಹೋಗಲ್ಲ. ಸಾಯಿಸೋಕೆ ಕರ್ಕೊಂಡು ಹೋಗೋರೂ ತಗೊಂಡು ಹೋಗೋಕೆ ಬಿಡಲ್ಲ. ನಿಮ್ಮಕ್ಕ ಎಲ್ಲೋ ಇದ್ದಾರೆ. ದೊರೆನ ಸಾಕ್ತಾ ಇದ್ದಾರೆ. ಎಲ್ಲಿ ಅಂತ ನಿನ್ನ ಭಾವನಿಗೆ ಗೊತ್ತು, ಬೇರೆಯವರಿಗೆ ಗೊತ್ತಾಗಬಾರದು."

"ಅದಕ್ಕೆ ದೊರೆ ಮನೇಲೇ ಇದ್ದಾನೆ ಅಂತ ಯಾಕೆ ಸುಳ್ಳು ಹೇಳಬೇಕು?"

"ಮನುಷ್ಯರನ್ನ ಯಾವ ಮೂಲೇಲಿ ಬೇಕಾದ್ರೂ ಇಡಬಹುದು. ದೊರೆಗೆ ತಣ್ಣೀರು ಬೇಕು, ನೆರಳು ಬೇಕು, ಜೀವ ಇರೋ ಹುಳು ಬೇಕು. ಅಂಥ ಹುಳು ಮಾರೋ ಅಂಗಡಿ ಈ ಊರಲ್ಲಿ ಎಷ್ಟಿದಾವೆ?"

"ಒಂದೇ ಮೇಡಂ. ನಾನು ಇದನ್ನ ತಂದಿದ್ದೂ ಅಲ್ಲಿಂದಾನೇ."

"ದೊರೆ ನಿಮ್ಮಕ್ಕನ ಜೊತೆ ಇದ್ದಾನೆ ಅಂತ ಗೊತ್ತಾದ್ರೆ, ಪೊಲೀಸ್ನೋರು ಆ ಅಂಗಡಿ ಮುಂದೆ ಕೂತು, ಹುಳು ತಗೊಂಡವರ ಹಿಂದೆ ಹೋದ್ರೆ ಸಾಕು. ಇದು ನಿಜವಾದ ಕಾರಣ. ನೀನು ಮಾಡಿದ್ದಲ್ಲ, ತಾನಾಗಿ ಇದ್ದದ್ದು."

ತಂಗಿ ಅತ್ತಿಗೆಯ ಎರಡೂ ಕೈ ಹಿಡಿದುಕೊಂಡಳು. ವಾರದಿಂದ ತಡೆದಿಟ್ಟಿದ್ದ ಅಳು ಆಗ ಹೊರಗೆ ಬಂತು. ನಾನು ಕೀಲಿ ತಿರುಗಿಸಿದೆ. ಈ ಸಲ ಯಾರೂ ಬೇಡವೆನ್ನಲಿಲ್ಲ.

ಕಾರು ಬೀದಿಯ ತಿರುವು ದಾಟುವುದರೊಳಗೆ ಅತ್ತಿಗೆಯ ಫೋನು ಬಡಿದುಕೊಂಡಿತು. ಇನ್ಸ್‌ಪೆಕ್ಟರು. ಅತ್ತಿಗೆ ನಮಗೂ ಕೇಳಲೆಂದು ಸ್ಪೀಕರ್ ಹಾಕಿದರು.

"ಮೇಡಂ, ಒಳ್ಳೆ ಸುದ್ದಿ. ಆಯಮ್ಮ ಚೆನ್ನಾಗಿದ್ದಾರೆ. ಫೈಲ್ ಮುಚ್ತಾ ಇದ್ದೀನಿ."

"ಯಾರು ಹೇಳಿದ್ದು?"

"ಯಜಮಾನ್ರು ಈಗ ತಾನೇ ಫೋನ್ ಮಾಡಿದ್ರು. ಆಯಮ್ಮ ಮನೆ ಬಿಟ್ಟಾಗ ಆ ನೀರಿನ ಪ್ರಾಣಿನೂ ತಗೊಂಡೇ ಹೋಗಿದ್ರಂತೆ. ಮಾನಕ್ಕೆ ಅಂಜಿ ಇವರು ಯಾರಿಗೂ ಹೇಳಿರಲಿಲ್ಲವಂತೆ. ಮೊನ್ನೆ ಇವರಿಲ್ಲದ ಹೊತ್ತಲ್ಲಿ ಬಂದು, ಗಂಡನಿಗೆ ಬೇಜಾರಾಗದಿರಲಿ ಅಂತ ಅಂಥದ್ದೇ ಇನ್ನೊಂದನ್ನ ಬಿಟ್ಟು ಹೋಗಿದ್ದಾರಂತೆ. ಬೀಗ ಒಡೆದಿಲ್ಲ, ಪ್ರಾಣಿಗೆ ಒಂದು ಗೀರೂ ಆಗಿಲ್ಲ, ಅಷ್ಟು ನಾಜೂಕು ಅವಳಿಗಲ್ಲದೆ ಇನ್ಯಾರಿಗೆ ಬರುತ್ತೆ ಅಂದ್ರು, ಪಾಪ. ಅದು ಬೇರೆ ಪ್ರಾಣಿ ಅನ್ನೋದಕ್ಕೆ ನೀವೇ ಸಾಕ್ಷಿಯಂತೆ. ಹೌದಾ ಮೇಡಂ?"

ನಾನು ಕಾರು ನಿಲ್ಲಿಸಿಬಿಟ್ಟೆ. ಹಿಂದಿನವನು ಹಾರ್ನ್ ಹೊಡೆದು, ಬೈದು, ಪಕ್ಕದಿಂದ ಹೋದ.

ಅತ್ತಿಗೆ ಹೌದೆನ್ನುವಂತಿರಲಿಲ್ಲ, ಅಲ್ಲವೆನ್ನುವಂತೆಯೂ ಇರಲಿಲ್ಲ. ಮಾತಿಗೆ ಎಂದೂ ತಡಕಾಡದ ಅತ್ತಿಗೆ ತಡಕಾಡಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ತಂಗಿ ಮುಂದಕ್ಕೆ ಬಾಗಿ ಅತ್ತಿಗೆಯ ಕೈಯಿಂದ ಫೋನು ತೆಗೆದುಕೊಂಡಳು. ಕೆನ್ನೆ ಇನ್ನೂ ಒದ್ದೆಯಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಸರ್, ನಾನು ಅವರ ತಂಗಿ. ನಮ್ಮಕ್ಕ ಬಂದಿಲ್ಲ. ಆ ಪ್ರಾಣಿನ ತಂದುಬಿಟ್ಟಿದ್ದು ನಾನು. ಕದ್ದು ಒಳಗೆ ಹೋಗಿದ್ದೂ ನಾನೇ. ಏನು ಶಿಕ್ಷೆ ಕೊಟ್ರೂ ಸರಿ, ಬರೆದುಕೊಡ್ತೀನಿ. ಅಕ್ಕನ್ನ ಹುಡುಕಿ."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಇನ್ಸ್‌ಪೆಕ್ಟರು ಮಾತಾಡಿದಾಗ ದನಿಯಲ್ಲಿ ಕನಿಕರವಿತ್ತು.

"ನೀವು ಹೀಗೇ ಹೇಳ್ತೀರಿ ಅಂತ ನಿಮ್ಮ ಭಾವ ಆಗಲೇ ಹೇಳಿದ್ರಮ್ಮ," ಎಂದರು. "ನಿದ್ದೆಗೆಟ್ಟು ನಿಮಗೆ ತಲೆ ಸರಿಯಿಲ್ಲವಂತೆ. ಕರ್ಕೊಂಡು ಹೋಗಿ ನೋಡ್ಕೋತೀನಿ ಅಂತ ಅವರೇ ನಿಮ್ಮ ಕಾರಿನ ಕಡೆಗೆ ಬರ್ತಿದ್ದಾರೆ."